ನೂರಮೂವತ್ತೊಂಬತ್ತು ಗಾಜುಗಳು

ನನ್ನ ತಮ್ಮನ ಹೆಂಡತಿ ಹರಾಜಿನಲ್ಲಿ ಒಂದೇ ಸಲ ಕೂಗುತ್ತಾಳೆ, ಅದೂ ಆರು ಸೆಕೆಂಡು ಉಳಿದಿರುವಾಗ. ಕೂಗುವುದೆಂದರೆ ಇಲ್ಲಿ ಬಾಯಿಗೆ ಕೆಲಸವಿಲ್ಲ. ಊಟದ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಮೊತ್ತವನ್ನು ಮೊದಲೇ ಬರೆದುಕೊಂಡು, ಬೆರಳನ್ನು ಗುಂಡಿಯ ಮೇಲೆ ತಾಗದಂತೆ ಹಿಡಿದು ಕೂರುತ್ತಾಳೆ. ಆ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ತೆರೆಯುವುದಿಲ್ಲ, ಹಾಲು ಉಕ್ಕಿದರೆ ಏಳುವುದಿಲ್ಲ. ಅವಳಿಗೆ ಈಗ ಎಪ್ಪತ್ತೊಂದು. ಕೈ ನಡುಗುವುದಿಲ್ಲ.

ಈ ವಿದ್ಯೆಯನ್ನು ಯಾರೂ ಹೇಳಿಕೊಡಲಿಲ್ಲ, ಸೋತು ಕಲಿತಳು. ಆರು ವರ್ಷದ ಹಿಂದೆ ಹಳೆಯ ಸಾಮಾನು ಹರಾಜು ಹಾಕುವ ಜಾಲತಾಣವೊಂದರಲ್ಲಿ ಹಿತ್ತಾಳೆಯ ಪೆನ್ಸಿಲ್ ಹಿಡಿಕೆಯೊಂದನ್ನು ಕಂಡಳು. ಮೊದಲ ದಿನವೇ ಕೂಗಿದಳು. ಬೇರೆ ಯಾರೋ ಅದಕ್ಕಿಂತ ಹೆಚ್ಚು ಕೂಗಿದರು, ಇವಳು ಮತ್ತೆ ಏರಿಸಿದಳು. ಏಳು ದಿನ ಹೀಗೇ ಜಗ್ಗಾಡಿ ಕೊನೆಗೆ ಹಿಡಿಕೆ ಅವರ ಪಾಲಾಯಿತು. ಮೊದಲ ದಿನ ಕೂಗುವುದೆಂದರೆ ಎದುರಾಳಿಗೆ ಯೋಚಿಸಲು ಏಳು ದಿನ ದಾನ ಮಾಡಿದ ಹಾಗೆ ಎಂದು ಅವಳಿಗೆ ಅರ್ಥವಾಯಿತು. ಅಂದಿನಿಂದ ಬೆಳಿಗ್ಗೆಯೇ, ತಲೆ ತಣ್ಣಗಿರುವಾಗ, ಒಂದು ವಸ್ತುವಿಗೆ ತಾನು ಕೊಡಬಹುದಾದ ಅತಿ ಹೆಚ್ಚಿನ ಬೆಲೆಯನ್ನು ತೀರ್ಮಾನಿಸುತ್ತಾಳೆ. ಆಮೇಲೆ ಅದನ್ನು ಬದಲಿಸುವುದಿಲ್ಲ. ಐದು ಸಾವಿರ, ಹತ್ತು ಸಾವಿರದಂಥ ದುಂಡು ಮೊತ್ತ ಬರೆಯುವುದಿಲ್ಲ, ಏಕೆಂದರೆ ಎಲ್ಲರೂ ಅಲ್ಲಿಗೇ ಬಂದು ನಿಲ್ಲುತ್ತಾರೆ. ಇವಳದು ಐದು ಸಾವಿರದ ನಲವತ್ತಮೂರು. ತಾಣದಲ್ಲಿ ಇಷ್ಟವಾದ ವಸ್ತುವಿಗೆ ನಕ್ಷತ್ರದ ಗುರುತು ಹಾಕಿಕೊಳ್ಳುವ ಸೌಲಭ್ಯವಿದೆ, ಎಷ್ಟು ಜನ ಹಾಕಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ಅವಳು ಎಂದೂ ಹಾಕುವುದಿಲ್ಲ. ಹರಾಜು ಮುಗಿಯುವ ಸಮಯವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ, ಹಲ್ಲಿನ ಡಾಕ್ಟರರ ಬಳಿ ಹೋಗುವ ದಿನ ಬರೆದಿಡುವಂತೆ.

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು, ಈ ವಯಸ್ಸಿನಲ್ಲೂ ಕೆಲಸ ಬಿಟ್ಟಿಲ್ಲ. ಹೆಂಡತಿಯ ಈ ಪದ್ಧತಿಯ ಬಗ್ಗೆ ಅವನದೇ ವ್ಯಾಖ್ಯಾನವಿದೆ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಕಾಲು ತೂರಿಸುವ ಜನರ ಜಾತಿಗೆ ಸೇರಿದವಳು ಅವಳು, ಅಂಥವರಿಂದಲೇ ತನ್ನ ಹೊಟ್ಟೆ ತುಂಬುತ್ತಿದೆ, ಆದ್ದರಿಂದ ತಾನು ಎದುರು ಮಾತಾಡುವಂತಿಲ್ಲ ಎನ್ನುತ್ತಾನೆ. ಎನ್ನುತ್ತಲೇ ಎದುರು ಮಾತಾಡುತ್ತಾನೆ.

ಅವಳಿಗೆ ಪೆನ್ಸಿಲ್ ಹಿಡಿಕೆ ಏಕೆ ಬೇಕಿತ್ತು ಎಂದು ಹೇಳಬೇಕು. ಹದಿನೇಳನೆಯ ವಯಸ್ಸಿನಿಂದ ಹತ್ತೊಂಬತ್ತು ವರ್ಷ ಅವಳು ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಮುಖ ತಿದ್ದುವ ಕೆಲಸ ಮಾಡಿದಳು. ಊರೆಲ್ಲ ಫಿಲ್ಮಿಗೆ ಹೋದ ಮೇಲೂ ಅಲ್ಲಿಯ ಮಾಲೀಕರು ಬಹುಕಾಲ ಗಾಜಿನ ನೆಗೆಟಿವ್ ಬಿಡಲಿಲ್ಲ. ಕಿಟಕಿಗೆ ಎದುರಾಗಿ ಒಂದು ಇಳಿಜಾರು ಮೇಜು, ಅದರ ನಡುವೆ ಚೌಕಾಕಾರದ ಕಿಂಡಿ, ಕೆಳಗೊಂದು ಕನ್ನಡಿ. ಕನ್ನಡಿಯಿಂದ ಮೇಲೆ ಬರುವ ಬೆಳಕಿನಲ್ಲಿ ಗಾಜನ್ನಿಟ್ಟು, ಸೂಜಿಯಂತೆ ಮೊನೆ ಮಾಡಿದ ಗಟ್ಟಿ ಪೆನ್ಸಿಲಿನಿಂದ ಅದರ ಲೇಪದ ಮೇಲೆ ತಿದ್ದಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು, ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಇವೆಲ್ಲ ಅಲ್ಲಿ ಬೆಳ್ಳಗೆ ತೆಳುವಾಗಿ ಕಾಣುತ್ತವೆ. ಅವನ್ನು ಪೆನ್ಸಿಲಿನ ಪುಡಿಗೆರೆಗಳಿಂದ ತುಂಬಿದರೆ ಕಾಗದದ ಮೇಲೆ ಮುಖ ನುಣ್ಣಗೆ ಬರುತ್ತದೆ. ಚೆನ್ನಾಗಿ ಮಾಡಿದ ಕೆಲಸ ಫೋಟೋದಲ್ಲಿ ಕಾಣಬಾರದು. ಕಂಡರೆ ಗಿರಾಕಿ ಬೈಯುತ್ತಾನೆ. ಅದು ಕಾಣುವುದು ಗಾಜಿನ ಮೇಲೆ ಮಾತ್ರ, ಓರೆಯಾಗಿ ಬೆಳಕಿಗೆ ಹಿಡಿದಾಗ.

ಪ್ರತಿಯೊಬ್ಬರ ಗೆರೆಯೂ ಬೇರೆ. ಮಾಲೀಕರು ಮೋಟು ಗೆರೆ ಎಳೆಯುತ್ತಿದ್ದರು. ಇವಳದು ಕೊಕ್ಕೆಯಂತೆ ತುದಿ ಬಾಗಿದ ಗೆರೆ. ಸ್ಟುಡಿಯೋ ಮುಚ್ಚಿದಾಗ ಗಾಜುಗಳನ್ನು ಕೇಳಿದ್ದಳು. ಎಲ್ಲವನ್ನೂ ಉಜ್ಜಿ ತೊಳೆದು ಕಿಟಕಿಗೆ ಹಾಕುವವರಿಗೆ ಮಾರಿಯಾಯಿತು ಎಂದು ಮಾಲೀಕರ ಮಗ ಹೇಳಿದ. ಅವಳು ನಂಬಿದಳು. ತನ್ನ ಹತ್ತೊಂಬತ್ತು ವರ್ಷ ಯಾರ ಯಾರದೋ ಮನೆಯ ಕಿಟಕಿಯಲ್ಲಿದೆ ಎಂದು ಒಮ್ಮೆ ನನ್ನೊಂದಿಗೆ ಹೇಳಿ, ಆ ವಿಷಯವನ್ನು ಅಲ್ಲಿಗೇ ಬಿಟ್ಟಳು. ಬದಲಿಗೆ ಆ ಕಸುಬಿನ ಉಪಕರಣಗಳನ್ನು ಹುಡುಕತೊಡಗಿದಳು.

ಹೋದ ವರ್ಷ ಒಂದು ಬೆಳಿಗ್ಗೆ ಅವಳು ಫೋನು ಹಿಡಿದುಕೊಂಡು ಮಹಡಿ ಹತ್ತಿ ನನ್ನ ಕೋಣೆಗೆ ಬಂದಳು. ತಾಣದಲ್ಲಿ ಒಂದು ಮರದ ಪೆಟ್ಟಿಗೆ ಹರಾಜಿಗಿತ್ತು. 'ಹಳೇ ಗಾಜಿನ ಫೋಟೋಗಳು, ನೂರಮೂವತ್ತೊಂಬತ್ತು, ಕೊಳೆಯಾಗಿವೆ' ಎಂದು ಬರೆದಿತ್ತು. ಮಾರುವವನು ಯಾವುದೋ ಮನೆಯ ಅಟ್ಟ ಖಾಲಿ ಮಾಡಿಸಿಕೊಟ್ಟು ಪೆಟ್ಟಿಗೆ ಪಡೆದಿದ್ದ. ಒಂದು ಗಾಜನ್ನು ಕಿಟಕಿಗೆ ಹಿಡಿದು ತೆಗೆದ ಚಿತ್ರವನ್ನು ಅವಳು ಎರಡು ಬೆರಳಿನಿಂದ ಹಿಗ್ಗಿಸಿ ನನಗೆ ತೋರಿಸಿದಳು. ಯಾರೋ ಹೆಂಗಸಿನ ಕೆನ್ನೆ. ಅದರ ಮೇಲೆ ಬೂದು ಬಣ್ಣದ ಸಣ್ಣ ಕೊಕ್ಕೆಗಳು, ನೂರಾರು.

"ನಂದು," ಅಂದಳು.

ಇನ್ನೂ ಒಂಬತ್ತು ದಿನವಿತ್ತು. ನಕ್ಷತ್ರ ಹಾಕಿದವರು ಇಬ್ಬರೇ. ಹಳೆಯ ಮುಖಗಳ ಕೊಳೆ ಗಾಜು ಯಾರಿಗೂ ಬೇಕಿರಲಿಲ್ಲ. ಆರು ಸೆಕೆಂಡು ಉಳಿದಾಗ ಒಮ್ಮೆ ಕೂಗಿದರೆ ಪೆಟ್ಟಿಗೆ ಮನೆಗೆ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಮಂಗಳವಾರ, ಮಧ್ಯಾಹ್ನ ಮೂರು ಇಪ್ಪತ್ತು ಎಂದು ಬರೆದಿಟ್ಟು ಬಾಯಿ ಮುಚ್ಚಿಕೊಂಡಿದ್ದಳು.

ನಾಲ್ಕನೆಯ ದಿನ ಮಾರುವವನು ಹೊಸ ಚಿತ್ರಗಳನ್ನು ಹಾಕಿದ. ಅವನು ಕೆಟ್ಟ ಮನುಷ್ಯನಲ್ಲ, ಶುಚಿಯಾದ ಮನುಷ್ಯ, ತೊಂದರೆ ಅದೇ. ಒಂದೇ ಗಾಜಿನ ಎರಡು ಚಿತ್ರ, ಒರೆಸುವ ಮೊದಲು ಮತ್ತು ಒರೆಸಿದ ನಂತರ. ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿದರೆ ಬೂದು ಕಲೆಯೆಲ್ಲ ಹೋಗಿ ಚೆನ್ನಾಗಿ ಹೊಳೆಯುತ್ತದೆ, ದಿನಕ್ಕೆ ಹನ್ನೆರಡರಂತೆ ಶುಚಿ ಮಾಡುತ್ತಿದ್ದೇನೆ, ಕೊಳ್ಳುವವರಿಗೆ ಕಷ್ಟವಾಗಬಾರದು ಎಂದು ಕೆಳಗೆ ಬರೆದಿದ್ದ. ಆ ಬೂದು ಕಲೆ ಎಂದರೆ ಅವಳ ಪೆನ್ಸಿಲ್ ಕೆಲಸ.

ಆ ತಾಣದಲ್ಲಿ ಮಾರುವವನಿಗೆ ಗುಟ್ಟಾಗಿ ಬರೆಯುವಂತಿಲ್ಲ, ಒಳಗೊಳಗೇ ವ್ಯಾಪಾರ ಕುದುರಬಾರದೆಂದು. ಕೇಳಬೇಕಾದುದನ್ನು ವಸ್ತುವಿನ ಕೆಳಗೆ, ಎಲ್ಲರಿಗೂ ಕಾಣುವಂತೆ ಕೇಳಬೇಕು. ಕೊನೆಯ ಗಳಿಗೆಯಲ್ಲಿ ಕೂಗುವವರು ಹಾಗೆ ಎಂದೂ ಕೇಳುವುದಿಲ್ಲ. ಗೊತ್ತಿರುವವರ ಒಂದು ಪ್ರಶ್ನೆ ಸಾಕು, ಗೊತ್ತಿಲ್ಲದ ನಲವತ್ತು ಜನ ಎಚ್ಚೆತ್ತುಕೊಳ್ಳುತ್ತಾರೆ.

ಅವಳು ಆ ಮಧ್ಯಾಹ್ನ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು, ಓದಿ ನೋಡಿ ಅತ್ತಿಗೆ ಎಂದಳು. ಗಾಜುಗಳನ್ನು ಒರೆಸಬೇಡಿ, ಆ ಬೂದು ಗುರುತುಗಳು ಕೊಳೆಯಲ್ಲ, ಕೈಯಿಂದ ಮಾಡಿದ ಪೆನ್ಸಿಲ್ ಕೆಲಸ, ಈಗ ಎಲ್ಲಿಯೂ ಸಿಗುವುದಿಲ್ಲ, ನೀರು ತಾಗಿದರೆ ಲೇಪವೂ ಏಳುತ್ತದೆ ಎಂದಿತ್ತು. ವಾಕ್ಯದಲ್ಲಿ ತಪ್ಪಿರಲಿಲ್ಲ. 'ಒರೆಸಬೇಡಿ' ಎಂಬ ಒಂದು ಮಾತನ್ನು ಮಾತ್ರ ಉಳಿಸಿ, ಮಿಕ್ಕದ್ದನ್ನು ಹೊಡೆದುಹಾಕು ಎಂದೆ. ಕಾರಣ ಹೇಳಿದರೆ ಬೆಲೆ ಹೇಳಿದಂತೆ.

"ಕಾರಣ ಹೇಳ್ದೇ ಹೋದ್ರೆ ಅವನು ನಿಲ್ಸಲ್ಲ ಅತ್ತಿಗೆ," ಅಂದಳು. "ಶುಚಿ ಮಾಡೋರನ್ನ ಸುಮ್ನೆ ಬೇಡ ಅಂದ್ರೆ ಇನ್ನೂ ಜೋರಾಗಿ ಉಜ್ತಾರೆ."

ನನ್ನ ತಮ್ಮ ಅಷ್ಟರಲ್ಲಿ ಕೆಲಸದಿಂದ ಬಂದು, ಕೈಯ ಗ್ರೀಸನ್ನೂ ತೊಳೆಯದೆ ಬಾಗಿಲಲ್ಲಿ ನಿಂತಿದ್ದ. ಸುಮ್ಮನಿದ್ದರೆ ಹರಾಜು ಮುಗಿಯುವ ಹೊತ್ತಿಗೆ ಐವತ್ತಾದರೂ ಉಳಿದಿರುತ್ತವೆ, ಪುಡಿಗಾಸಿಗೆ ಸಿಗುತ್ತವೆ. ಬಾಯಿ ಬಿಟ್ಟರೆ ಎಲ್ಲವೂ ಉಳಿಯುತ್ತವೆ, ಬೇರೆಯವರ ಮನೆಯಲ್ಲಿ ಎಂದು ಲೆಕ್ಕ ಬಿಡಿಸಿ ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಅವನ ಸ್ವಭಾವಕ್ಕೆ ತಕ್ಕಂತೆ ಒಂದು ಮಾತು ಸೇರಿಸಿದ:

"ಅದ್ರಲ್ಲಿರೋ ಒಬ್ರ ಹೆಸರೂ ನಿಂಗೆ ಗೊತ್ತಿಲ್ಲ. ಯಾರ್ದೋ ಮೊಡವೆಗೆ ಇಷ್ಟು ತಲೆ ಕೆಡಿಸ್ಕೋತೀಯಲ್ಲೇ?"

"ಮುಖ ಅವ್ರದು ರೀ. ಮೊಡವೆ ಇಲ್ದೇ ಇರೋದು ನಂದು."

ಅಷ್ಟು ಹೇಳಿ ಅಲ್ಲಿಯೇ ನಿಂತು, ಚೀಟಿಯಲ್ಲಿದ್ದುದನ್ನು ಒಂದಕ್ಷರವೂ ಬಿಡದೆ ಫೋನಿನಲ್ಲಿ ಬರೆದು ಕಳಿಸಿದಳು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಗೊತ್ತಿರಲಿಲ್ಲ, ಕ್ಷಮಿಸಿ, ಹದಿನಾಲ್ಕು ಒರೆಸಿಬಿಟ್ಟಿದ್ದೇನೆ, ಇನ್ನು ಮುಟ್ಟುವುದಿಲ್ಲ ಎಂದು ಅವನು ಬರೆದ. ಸಂಜೆಯ ಹೊತ್ತಿಗೆ ಹರಾಜಿನ ತಲೆಬರಹವೇ ಬದಲಾಗಿತ್ತು: 'ಅಪರೂಪದ ಗಾಜಿನ ನೆಗೆಟಿವ್‌ಗಳು, ಕೈಯಿಂದ ಮಾಡಿದ ಪೆನ್ಸಿಲ್ ಕೆಲಸ, ಈಗ ಎಲ್ಲಿಯೂ ಸಿಗುವುದಿಲ್ಲ.' ಅವಳದೇ ಮಾತು. ನಕ್ಷತ್ರಗಳು ಎರಡರಿಂದ ಹನ್ನೊಂದಾದವು, ಮಾರನೆಯ ದಿನ ನಲವತ್ತಾರು. ಅವಳು ನೋಡಿದಳು, ಫೋನು ಬದಿಗಿಟ್ಟು ಬಟ್ಟೆ ಒಣಹಾಕಲು ಹೋದಳು.

ಮಂಗಳವಾರ ಬೆಳಿಗ್ಗೆ ತನ್ನ ಮಿತಿಯನ್ನು ಹೊಸದಾಗಿ ತೀರ್ಮಾನಿಸಿದಳು. ಮೊದಲು ಅಂದುಕೊಂಡಿದ್ದಕ್ಕಿಂತ ನಾಲ್ಕು ಪಟ್ಟು, ಮೇಲೆ ಎಪ್ಪತ್ತೊಂದು. ತಮ್ಮ ಅಂದು ಮಧ್ಯಾಹ್ನ ಕೆಲಸಕ್ಕೆ ಹೋಗಲಿಲ್ಲ. ಯಾವುದೋ ಲಿಫ್ಟ್ ನಾಲ್ಕನೆಯ ಮಹಡಿಯಲ್ಲಿ ಕೆಟ್ಟು ನಿಂತಿದೆ, ನಿಂತಿರಲಿ, ಒಳಗೆ ಯಾರೂ ಇಲ್ಲ ಎಂದ. ಮೂರು ಹದಿನೆಂಟಕ್ಕೆ ಬೆಲೆ ಅವಳ ಮಿತಿಯ ಅರ್ಧದಷ್ಟಿತ್ತು. ಆರು ಸೆಕೆಂಡು ಉಳಿದಾಗ ಒತ್ತಿದಳು. ಒಂದು ಕ್ಷಣ ಪರದೆಯ ಮೇಲೆ ಅವಳ ಗುರುತೇ ಮೇಲಿತ್ತು. ಎರಡು ಸೆಕೆಂಡು ಉಳಿದಾಗ 'ಹಳದಿಗೂಬೆ' ಎಂಬ ಹೆಸರಿನವರು ಅದನ್ನು ದಾಟಿದರು. ಅವಳ ವಿದ್ಯೆಯನ್ನೇ ಕಲಿತ ಇನ್ನೊಬ್ಬರು. ಹರಾಜು ಮುಗಿಯಿತು.

ತಮ್ಮ ಅವಳ ಮುಖ ನೋಡಿ, ಕಾಫಿಗೆ ನೀರಿಡಲು ಎದ್ದ. ಅವಳು ಒಂದೇ ಪ್ರಶ್ನೆ ಕೇಳಿದ್ದು ನನಗೆ ನೆನಪಿದೆ: ಒರೆಸುವುದನ್ನು ಅವನು ನಿಜವಾಗಿಯೂ ನಿಲ್ಲಿಸಿದ್ದಾನಲ್ಲವೇ ಎಂದು. ನಿಲ್ಲಿಸಿದ್ದಾನೆ, ಚಿತ್ರಗಳಲ್ಲಿ ಕಾಣುತ್ತದೆ ಎಂದೆ.

ಮೂರು ವಾರದ ನಂತರ ಗಾಜುಗಳು ಮತ್ತೆ ಅದೇ ತಾಣಕ್ಕೆ ಬಂದವು, ಒಂದೊಂದಾಗಿ. ಹಳದಿಗೂಬೆ ಎಂಬುವರು ಸಂಗ್ರಾಹಕರಲ್ಲ, ಗಂಟು ಬಿಚ್ಚಿ ಮಾರುವ ವ್ಯಾಪಾರಿ. ವಾರಕ್ಕೆ ಎರಡು ಗಾಜು, ಮಂಗಳವಾರ ಒಂದು, ಗುರುವಾರ ಒಂದು. ಪ್ರತಿಯೊಂದರ ಕೆಳಗೂ ನನ್ನ ನಾದಿನಿಯ ಎಚ್ಚರಿಕೆಯ ಮಾತು ಚಾಚೂ ತಪ್ಪದೆ ಇತ್ತು, ನೀರು ತಾಗಿದರೆ ಲೇಪ ಏಳುತ್ತದೆ ಎಂಬಲ್ಲಿಯವರೆಗೂ. ತಮ್ಮ ಅದನ್ನು ಗಟ್ಟಿಯಾಗಿ ಓದಿ, ಬರೆದವರಿಗೆ ಕೂಲಿ ಕೊಟ್ಟಿಲ್ಲ ಎಂದು ಸಿಡುಕಿದ. ಅವಳು ಸಿಡುಕಲಿಲ್ಲ. ನೀರು ತಾಗಿಸಬಾರದೆಂದು ಎಲ್ಲ ಗಾಜಿನ ಜೊತೆಗೂ ಬರೆದಿರುವುದು ಒಳ್ಳೆಯದೇ ಆಯಿತಲ್ಲ ಎಂದು ಕ್ಯಾಲೆಂಡರು ತಿರುವಿ, ಮಂಗಳವಾರ ಮತ್ತು ಗುರುವಾರಗಳಿಗೆ ವರ್ಷದ ಕೊನೆಯವರೆಗೂ ಗುರುತು ಹಾಕಿದಳು.

ಅಲ್ಲಿಂದ ಇದು ದಿನಚರಿಯಾಯಿತು. ಮೊದಲು ಚಿತ್ರವನ್ನು ಹಿಗ್ಗಿಸಿ ಗೆರೆ ನೋಡುತ್ತಾಳೆ. ಮೋಟು ಗೆರೆಯಾದರೆ ಮಾಲೀಕರದು, ಬಿಟ್ಟುಬಿಡುತ್ತಾಳೆ. ಒರೆಸಿದ್ದಾದರೆ ಅದನ್ನೂ ಬಿಡುತ್ತಾಳೆ. ಕೊಕ್ಕೆ ಗೆರೆಯಾದರೆ ಬೆಲೆ ತೀರ್ಮಾನಿಸುತ್ತಾಳೆ. ಪ್ರತಿ ಸಲವೂ ದುಂಡು ಮೊತ್ತವನ್ನೇ ಬರೆಯುವ ಒಬ್ಬರಿದ್ದಾರೆ, ಅವರನ್ನು ಹನ್ನೆರಡು ಸಲ ಸೋಲಿಸಿದ್ದಾಳೆ, ಒಮ್ಮೆ ಕೇವಲ ಏಳು ರೂಪಾಯಿಯಿಂದ. ಎಲ್ಲವನ್ನೂ ಗೆಲ್ಲಲು ಹೋಗುವುದಿಲ್ಲ. ಗೆಲ್ಲುತ್ತಲೇ ಹೋದರೆ ಇವರಿಗೆ ಬೇಕೇ ಬೇಕು ಎಂದು ಗೂಬೆಗೆ ತಿಳಿದುಬಿಡುತ್ತದೆ. ಆದ್ದರಿಂದ ಸಾಧಾರಣ ಕೆಲಸದ ಕೆಲವನ್ನು ಬೇಕೆಂದೇ ಬೇರೆಯವರಿಗೆ ಬಿಡುತ್ತಾಳೆ. ಯಾವುದು ಸಾಧಾರಣ ಎಂದು ತೀರ್ಮಾನಿಸುವಾಗ ಅವಳು ತನ್ನ ಮೇಲೆ ತೋರುವ ನಿಷ್ಠುರವನ್ನು ನಾನು ಬಹಳ ಜನರಲ್ಲಿ ಕಂಡಿಲ್ಲ.

ಗಾಜು ಮನೆಗೆ ಬಂದ ದಿನ, ಹರಾಜಿನಲ್ಲೇ ಕೊಂಡ ಅಂಥದೇ ಇಳಿಜಾರು ಮೇಜಿನ ಮೇಲಿಟ್ಟು, ಕನ್ನಡಿ ಸರಿಪಡಿಸಿ, ಒಂದು ಗಂಟೆ ನೋಡುತ್ತಾಳೆ. ತಮ್ಮ ಇಣುಕಿ, ಯಾರಂತೆ ಎಂದು ಕೇಳುತ್ತಾನೆ. ಅವಳಿಗೆ ಗೊತ್ತಿಲ್ಲ. ಆದರೆ ಹುಬ್ಬಿನ ಮೇಲೆ ಗಾಯದ ಗುರುತಿತ್ತು, ಅದನ್ನು ಮುಚ್ಚಲು ಎರಡು ದಿನ ಹಿಡಿಯಿತು, ಗಿರಾಕಿ ಬಂದು ಫೋಟೋ ನೋಡಿ ತನ್ನ ಹುಬ್ಬನ್ನು ಮುಟ್ಟಿಕೊಂಡ ಎಂಬಂಥ ವಿಷಯ ನೆನಪಿರುತ್ತದೆ.

ಹೋದ ತಿಂಗಳು ಹಳದಿಗೂಬೆಯಿಂದ ಒಂದು ಬರಹ ಬಂತು. ಕೊಂಡವರಿಗೆ ಮಾರಿದವರು ಬರೆಯಲು ತಾಣದಲ್ಲಿ ಅವಕಾಶವಿದೆ. ನೀವು ಇದುವರೆಗೆ ನಲವತ್ತೊಂದು ಕೊಂಡಿದ್ದೀರಿ, ನನ್ನಲ್ಲಿ ಇನ್ನೂ ಐವತ್ತಮೂರಿವೆ, ಎಲ್ಲವೂ ಒಟ್ಟಿಗೆ ಬೇಕಿದ್ದರೆ ಎಷ್ಟು ಕೊಡುತ್ತೀರೆಂದು ತಿಳಿಸಿ ಎಂದಿತ್ತು. ಸೌಜನ್ಯದ ಪತ್ರ. ತಮ್ಮನಿಗೆ ಹಿಗ್ಗೋ ಹಿಗ್ಗು.

"ಒಂದು ರೇಟು ಹೇಳಿ ಮುಗಿಸ್ಬಿಡು. ವಾರಕ್ಕೆರಡು ಸಲ ಈ ಮನೇಲಿ ಯಾರೂ ಸೀನೋ ಹಾಗಿಲ್ಲ."

ಅವಳು ಪತ್ರವನ್ನು ಎರಡು ಸಲ ಓದಿದಳು. ನನ್ನ ಕಡೆಗೂ ಒಮ್ಮೆ ನೋಡಿದಳು.

"ನಂಗೆ ಎಲ್ಲಾನೂ ಬೇಕು ಅಂತ ಒಂದ್ಸಲ ಗೊತ್ತಾದ್ರೆ ಆಮೇಲೆ ರೇಟು ಹೇಳೋರು ಅವ್ರು, ನಾನಲ್ಲ," ಅಂದಳು. "ಅವತ್ತು ಬಾಯಿ ಬಿಟ್ಟಿದ್ದು ಗಾಜು ಹಾಳಾಗ್ತಿತ್ತು ಅಂತ. ಈಗ ಹಾಳಾಗ್ತಿಲ್ವಲ್ಲ. ಕಾಯ್ತೀನಿ."

"ಇನ್ನೂ ಆರು ತಿಂಗಳು ಹಿಡಿಯತ್ತೆ ಕಣೇ."

"ಹಿಡೀಲಿ."

ಉತ್ತರ ಬರೆಯಲಿಲ್ಲ. ಆ ವಾರದ ಗುರುವಾರ ಹರಾಜಿಗೆ ಬಂದ ಗಾಜು ಒಬ್ಬ ಮುದುಕನದು, ಮುಖದ ತುಂಬ ಸುಕ್ಕು. ಅದರಲ್ಲಿ ಅವಳು ಅರ್ಧದಷ್ಟನ್ನು ಮಾತ್ರ ತುಂಬಿ ಉಳಿದದ್ದನ್ನು ಬೇಕೆಂದೇ ಬಿಟ್ಟಿದ್ದಳು. ಎಲ್ಲವನ್ನೂ ತೆಗೆದಿದ್ದರೆ ಅವನು ಅವನಾಗಿ ಉಳಿಯುತ್ತಿರಲಿಲ್ಲ ಎಂದು ಮಾಲೀಕರೊಂದಿಗೆ ಜಗಳವಾಡಿ ಗೆದ್ದಿದ್ದಳಂತೆ. ಆ ದಿನ ಆರು ಸೆಕೆಂಡು ಉಳಿದಾಗ ಒತ್ತಿದಳು, ದುಂಡು ಮೊತ್ತದವರನ್ನು ಇನ್ನೊಮ್ಮೆ ದಾಟಿದಳು, ಮತ್ತು ಫೋನನ್ನು ನನ್ನ ಕೈಗೆ ಕೊಟ್ಟು ಮುಂದಿನ ಮಂಗಳವಾರದ ಚಿತ್ರ ಬಂದಿದೆಯೇ ಎಂದು ಕೇಳಿದಳು. ಬಂದಿತ್ತು. ಕನ್ನಡಕ ಒರೆಸಿಕೊಂಡು ಹಿಗ್ಗಿಸಿ ನೋಡಿದಳು. ಕೊಕ್ಕೆ ಗೆರೆ.