ಗಾಜಿನ ಪೆಟ್ಟಿಗೆಯಿಂದ ಇಳಿದ ತಂಬೂರಿ

ಬಸವನಗುಡಿಯ ಹಳೆಯ ಮನೆಯೊಂದನ್ನು ಈಗ ವಾದ್ಯಗಳ ಸಂಗ್ರಹಾಲಯ ಮಾಡಿದ್ದಾರೆ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅದರ ನಡುಮನೆಯಲ್ಲಿ ವೀಣೆ ಕಛೇರಿ ಇತ್ತು. ಗಾಜಿನ ಹಿಂದೆ ಇಟ್ಟಿದ್ದ, ನೂರು ವರ್ಷ ದಾಟಿದ ವೀಣೆಯನ್ನೇ ಹೊರತೆಗೆದು ನುಡಿಸುತ್ತಾರೆಂದು ಕೇಳಿ ನಾನೂ ನನ್ನ ಗೆಳತಿಯೂ ಹನುಮಂತನಗರದಿಂದ ನಡೆದೇ ಹೋದೆವು. ಜಮಖಾನೆಯ ಮೇಲೆ ನಲವತ್ತು ಜನ ಒತ್ತಿ ಕೂರುವಷ್ಟು ಜಾಗ. ನಮಗೆ ಎರಡನೆಯ ಸಾಲೇ ಸಿಕ್ಕಿತು.

ನುಡಿಸಬೇಕಾದ ವಿದುಷಿಗೆ ಎಪ್ಪತ್ತು ದಾಟಿತ್ತು. ಅವರು ವೀಣೆಯ ಮುಂದೆ ಕೂತು, ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ನೋಡಿದರು.

"ಇದನ್ನ ತೆಗೆದುಬಿಡಿ. ಅಲ್ಲೊಂದು ತಂಬೂರಿ ಇದ್ಯಲ್ಲ, ಅದನ್ನ ತನ್ನಿ."

ಸಂಗ್ರಹಾಲಯ ನೋಡಿಕೊಳ್ಳುವವರಿಗೆ ಗಾಬರಿ. "ಮೇಡಂ, ತಂತಿ ಏನೋ ಹೊಸದು ಹಾಕ್ಸಿದೀವಿ. ಮೀಟೋಕೆ ಯಾರೂ ಇಲ್ವಲ್ಲ."

"ಇಷ್ಟು ಜನದಲ್ಲಿ ಒಬ್ರಿಗೂ ಬರಲ್ವಾ?"

ಗೆಳತಿ ನನ್ನ ಮೊಣಕೈ ಹಿಡಿದು ಎಬ್ಬಿಸಿಯೇಬಿಟ್ಟಳು. "ಇವಳಿಗೆ ಬರುತ್ತೆ!"

ಬರುತ್ತಿತ್ತು, ನಿಜ. ಕಾಲೇಜಿನ ದಿನಗಳಲ್ಲಿ ಸೋದರತ್ತೆಯ ಕಛೇರಿಗಳಲ್ಲಿ ಅವರ ಬೆನ್ನ ಹಿಂದೆ ಕೂತು ಮೀಟುತ್ತಿದ್ದೆ. ಆಮೇಲೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ, ತಂಬೂರಿ ಮುಟ್ಟಲಿಲ್ಲ. ಆದರೂ ಹೋಗಿ ಕೂತೆ. ಗಾಜಿನ ಪೆಟ್ಟಿಗೆಯಿಂದ ಇಳಿಸಿ ತಂದ ಹಲಸಿನ ಮರದ ಆ ವಾದ್ಯ, ಕೂತಾಗ ನನ್ನ ತಲೆಗಿಂತ ಎತ್ತರವಿತ್ತು. ವಿದುಷಿಯೇ ಬಿರಡೆ ತಿರುಗಿಸಿ ಶ್ರುತಿ ಮಾಡಿದರು. ಮೀಟಿದೆ. ಹಲಗೆ ತಟ್ಟಿದ ಹಾಗೆ ಮಂಕು ಸದ್ದು. ಯಾರೋ ನಕ್ಕರು.

ತಂತಿಗಳು ಹಾದುಹೋಗುವ ಕುದುರೆಯ ಮೇಲೆ ಬಗ್ಗಿ ನೋಡಿದೆ. ತಂತಿಯಡಿ ದಾರವೇ ಇರಲಿಲ್ಲ! ಅದಿಲ್ಲದೆ ತಂಬೂರಿ ಝೇಂಕರಿಸುವುದಿಲ್ಲ.

"ದಾರ ಬೇಕು," ಎಂದೆ.

ಸಂಗ್ರಹಾಲಯದವರು ಆಫೀಸಿನ ಡ್ರಾಯರ್ ಹುಡುಕಲು ಓಡಿದರು. ಕಾಯುವ ತಾಳ್ಮೆ ನನಗಿರಲಿಲ್ಲ. ನನ್ನ ನೂಲಿನ ಸೀರೆಯ ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು, ಹಲ್ಲಿನಿಂದ ನಾಲ್ಕು ತುಂಡು ಮಾಡಿ, ಒಂದೊಂದು ತಂತಿಯ ಕೆಳಗೂ ತೂರಿಸಿದೆ. ಮೊದಲನೆಯದನ್ನು ಕೂದಲೆಳೆಯಷ್ಟು ಹಿಂದಕ್ಕೆ, ಮತ್ತೆ ಮುಂದಕ್ಕೆ ಸರಿಸಿದೆ. ತಟ್ಟನೆ ಸ್ವರ ತೆರೆದುಕೊಂಡಿತು. ನಾಲ್ಕೂ ತಂತಿ ಸೇರಿದಾಗ ಕೆಂಪು ಗಾರೆಯ ನೆಲದಿಂದ ಹೆಂಚಿನವರೆಗೂ ಆ ಮನೆ ಗುಂಯ್‌ಗುಟ್ಟಿತು. ಕಿಟಕಿಯ ಗಾಜು ನಡುಗಿದ್ದು ನಾನೇ ಕೇಳಿಸಿಕೊಂಡೆ.

ವಿದುಷಿ ಕಣ್ಣು ಮುಚ್ಚಿ ಕಲ್ಯಾಣಿ ಶುರುಮಾಡಿದರು. ಆ ಹಳೆಯ ವೀಣೆಗೆ ದೊಡ್ಡ ದನಿಯಿಲ್ಲ, ಮೈಕೂ ಇರಲಿಲ್ಲ. ಎಲ್ಲರೂ ಮುಂದಕ್ಕೆ ಬಾಗಿದ್ದರು. ಆಲಾಪನೆಯ ನಡುವೆ ಅವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. ತಪ್ಪು ಮಾಡಿದೆನೇನೋ ಎಂದುಕೊಂಡೆ.

"ನಿಲ್ಲಿಸ್ಬೇಡಿ. ಸ್ವಲ್ಪ ಹೊತ್ತು ಎಲ್ರೂ ಇದನ್ನೇ ಕೇಳೋಣ."

ಅಂದೆಲ್ಲ ಸೋದರತ್ತೆಯ ಬೆನ್ನ ಹಿಂದೆ ಕೂತಿದ್ದವಳನ್ನು ಆ ನಲವತ್ತು ಜನ ಕೇಳಿದರು. ನನಗೆ ಕೂಗಿಬಿಡುವಷ್ಟು ಖುಷಿ!

ಕಛೇರಿ ಮುಗಿದ ಮೇಲೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಕೂತೆವು. ಬಿಡದೆ ಮಾತಾಡುತ್ತಲೇ ಇದ್ದೆ.

"ಲೇ, ಮೊದ್ಲು ದೋಸೆ ತಿನ್ನು, ಆರೋಗ್ತಿದೆ," ಎಂದು ಗೆಳತಿ ಗದರಿದಳು.