ನನ್ನ ನಾಲಿಗೆ, ಮೊಮ್ಮಗಳ ಕಣ್ಣು

ಕಣ್ಣಲ್ಲಿ ಕಸ ಬಿದ್ದರೆ ನಾಲಿಗೆಯಿಂದ ತೆಗೆಯುವುದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಬಾಯಿ ಮುಕ್ಕಳಿಸಬೇಕು, ಕುಳಿತವರ ತಲೆಯನ್ನು ಗೋಡೆಗೆ ಆನಿಸಬೇಕು, ರೆಪ್ಪೆ ಎತ್ತಿ ನಾಲಿಗೆಯ ತುದಿಯನ್ನು ಒಮ್ಮೆ ಒಳಗೆ ಆಡಿಸಬೇಕು. ಕಸ ಅಂಟಿಕೊಂಡು ಬರುತ್ತದೆ. ಅದನ್ನು ಅಂಗೈಗೆ ಉಗುಳಿ ತೋರಿಸಲೇಬೇಕು. ತೋರಿಸದಿದ್ದರೆ ಇನ್ನೂ ಚುಚ್ಚುತ್ತಿದೆ ಎನ್ನುತ್ತಾರೆ. ಜವಳಗೇರಾದಲ್ಲಿ ಭತ್ತದ ಕೊಯ್ಲು ಬಂತೆಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಯಾರಾದರೊಬ್ಬರು ಕಣ್ಣು ಹಿಡಿದುಕೊಂಡು ಕುಳಿತಿರುತ್ತಿದ್ದರು. ಕೊಯ್ಯುವ ಮಷಿನ್ ಬಂದ ಮೇಲೆ ದೂಳು ಹೆಚ್ಚಾಗಿ ನನ್ನ ಕೆಲಸವೂ ಹೆಚ್ಚಾಯಿತು. ಟ್ರ್ಯಾಕ್ಟರ್ ಓಡಿಸುವವರು, ಸಾಲಿ ಮಾಸ್ತರು, ಒಮ್ಮೆ ಬಸ್ಸು ನಿಲ್ಲಿಸಿ ಇಳಿದು ಬಂದ ಕಂಡಕ್ಟರ್ ಕೂಡ. ನಲವತ್ತು ವರ್ಷ ಮಾಡಿದೆ. ಯಾರ ಕಣ್ಣಿಗೂ ಏನೂ ಆಗಲಿಲ್ಲ ಎಂದೇ ತಿಳಿದಿದ್ದೆ. ಆಗಿದ್ದರೂ ನನಗೆ ಬಂದು ಹೇಳುವವರು ಯಾರು ಎಂಬುದು ಈಗ ಹೊಳೆಯುತ್ತದೆ.

ಮಸ್ಕಿಯಲ್ಲಿರುವ ನನ್ನ ಮಗಳ ಮಗಳು ಆಗ ಡಿಗ್ರಿ ಮೊದಲ ವರ್ಷದಲ್ಲಿದ್ದಳು. ತಾಯಿಗೆ ಅವ್ವ ಎನ್ನುತ್ತಾಳೆ, ನನಗೆ ಅಮ್ಮ ಎನ್ನುತ್ತಾಳೆ, ನಮ್ಮ ಮನೆಯವರಿಗೆ ತಾತ. ರಜೆಗೆ ಬಂದವಳು ಗದ್ದೆಗೆ ಬುತ್ತಿ ತಂದಳು. ಬದುವಿನ ಮೇಲೆ ಬಾಗಿದಾಗ ಭತ್ತದ ಗರಿ ಎಡಗಣ್ಣಿಗೆ ಬಡಿಯಿತು.

“ಅಮ್ಮಾ, ಕಣ್ಣು ಉರಿಯಾಕತ್ತದ ಬೇ!”

“ಬಾ ಇಲ್ಲಿ, ಹೌಹಾರಬ್ಯಾಡ. ಊರ ಮಂದಿದೆಲ್ಲಾ ತಗದೀನಿ, ನಿಂದೇನು ಮಹಾ.”

ಅಲ್ಲೇ ಬದುವಿನ ಮೇಲೆ ಕೂಡಿಸಿ ನಾಲಿಗೆ ಆಡಿಸಿದೆ. ಕಸ ಬರಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕಸ ಇದ್ದರೆ ತಾನೇ ಬರುವುದು? ಅದು ಗರಿ ಕೊಯ್ದ ಗಾಯ. ಮರುದಿನ ಕಣ್ಣು ಕೆಂಡವಾಗಿತ್ತು. ಹರಳೆಣ್ಣೆ ಒಂದು ಹನಿ ಬಿಟ್ಟೆ. ಅದರ ಮರುದಿನ ಓಣಿಯ ಬಾಣಂತಿಯಿಂದ ಎದೆಹಾಲು ಹಿಂಡಿಸಿಕೊಂಡು ಬಂದು ಬಿಟ್ಟೆ. ಹುಡುಗಿ ಡಾಕ್ಟರ ಹತ್ತಿರ ಹೋಗೋಣ ಎಂದರೆ, “ಇಷ್ಟಕ್ಕ ಸಿಂಧನೂರು ತನಕ ಯಾಕ ಓಡಬೇಕು?” ಎಂದವಳೂ ನಾನೇ. ಐದನೆಯ ದಿನ ಅವಳ ಕರಿಗುಡ್ಡೆಯ ಮೇಲೆ ಜೋಳದ ಕಾಳಿನಷ್ಟು ಬಿಳುಪು ಕಂಡಿತು. ನಮ್ಮಲ್ಲಿ ಅದಕ್ಕೆ ಹೂ ಬಿತ್ತು ಎನ್ನುತ್ತಾರೆ. ನೋಡಿದ್ದೇ ಅವಳನ್ನು ಸಿಂಧನೂರಿನ ಬಸ್ಸು ಹತ್ತಿಸಿದೆ.

ಸಿಂಧನೂರಿನ ಕಣ್ಣಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, “ಇದಕ್ಕ ಏನು ಹಾಕಿದ್ರಿ?” ಎಂದು ಕೇಳಿದರು.

“ಏನೂ ಹಾಕಿಲ್ಲ ಸರ್. ನೀರಿಲೆ ತೊಳಕೊಂಡೀನಷ್ಟ,” ಎಂದಳು ಹುಡುಗಿ.

ನಾನು ದಂಗಾದೆ. ಕಣ್ಣು ಹೋಗುತ್ತಿರುವವಳು ಅವಳು. ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳುತ್ತಿರುವವಳೂ ಅವಳೇ. ಕುರ್ಚಿಯ ಕೆಳಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು, ಮಾತಾಡಬೇಡ ಎನ್ನುವ ಹಾಗೆ. ನಾನು ಕೈ ಬಿಡಿಸಿಕೊಂಡೆ.

“ಸುಳ್ಳು ಹೇಳಾಕತ್ತಾಳ್ರೀ. ನಾನೇ ನಾಲಿಗಿ ಹಚ್ಚೀನಿ. ಎಣ್ಣಿ ಬಿಟ್ಟೀನಿ, ಹಾಲು ಬಿಟ್ಟೀನಿ.”

ಡಾಕ್ಟರು ಬ್ಯಾಟರಿಯನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. “ಅಮ್ಮಾ, ಗರಿ ಒಂದು ಸಲ ಗಾಯ ಮಾಡ್ತು. ನೀವು ಅದರ ಮ್ಯಾಲೆ ದಿನಾ ಹೊಲಸು ಇಟ್ರಿ. ಈಗ ಬೂಷ್ಟು ಹಿಡದದ,” ಎಂದು ನಿಧಾನವಾಗಿ ಹೇಳಿ, ದೊಡ್ಡ ಊರಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಅಲ್ಲಿಯ ಔಷಧಕ್ಕೆ ಬೂಷ್ಟು ನಿಂತಿತು, ಹೂವು ಮಾತ್ರ ಉಳಿದೇ ಬಿಟ್ಟಿತು. ಆ ಕಣ್ಣಿಗೆ ಹಗಲು ಯಾವುದು, ಇರುಳು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಕಣ್ಣಿನ ಮುಂಬದಿಯ ಪರದೆ ಬದಲಿಸಬೇಕು, ಬೇರೆಯದು ಸಿಕ್ಕಾಗ ಕರೆಯುತ್ತೇವೆ ಎಂದು ಹೆಸರು ಬರೆದುಕೊಂಡರು. ಆ ತಿಂಗಳುಗಳನ್ನು ನಾನು ಮಸ್ಕಿಯಲ್ಲೇ ಕಳೆದೆ. ಹುಡುಗಿ ಎಡಗಡೆ ಕೂದಲು ಇಳಿಬಿಟ್ಟುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಚಹಾ ಬಸಿಯಲು ಹೋಗಿ ಕಪ್ಪಿನ ಪಕ್ಕಕ್ಕೆ ಸುರಿದು, “ನೆಲಕ್ಕೂ ಒಂದೀಟು ಕುಡಿಸಿದೆ ನೋಡಮ್ಮ,” ಎಂದು ತಾನೇ ನಗುತ್ತಿದ್ದಳು. ನನ್ನ ಮಗಳು ಒರೆಸುತ್ತಿದ್ದಳು. ಅವಳು ನನಗೆ ಒಂದು ದಿನವೂ ಏನೂ ಅನ್ನಲಿಲ್ಲ. ಅದನ್ನು ತಡೆದುಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದಾಗ ಆ ಆಸ್ಪತ್ರೆಯಿಂದ ಫೋನ್ ಬಂತು. ಪರದೆ ಸಿಕ್ಕಿದೆ, ನಾಳೆ ಬನ್ನಿ ಎಂದರು. ಹಿಟ್ಟಿನ ಕೈಯಲ್ಲೇ ಹುಡುಗಿಯನ್ನು ತಬ್ಬಿಕೊಂಡೆ. ಆಪರೇಷನ್ ಆದ ಮರುದಿನ ಪಟ್ಟಿ ತೆಗೆದಾಗ, “ಅಮ್ಮಾ, ಏನೋ ಹಸರು ಆಡಾಕತ್ತದ,” ಎಂದಳು. ಅದು ನನ್ನ ಕೈಬಳೆ. ಖುಷಿಯಲ್ಲಿ ಅಲ್ಲಿದ್ದ ನರ್ಸಮ್ಮನ ಗಲ್ಲ ಹಿಡಿದು ಕೇಳಿದೆ: “ಎಲ್ಲಿಂದ ತರಸ್ತೀರವ್ವಾ ಈ ಪರದೆ? ನನಗೂ ಪೊರೆ ತಗದು ಒಂದು ಚೂರು ಕೂಡಿಸ್ಯಾರ. ಇದೂ ಅಂಥದ ಏನು, ಕಾರ್ಖಾನಿದು?”

“ಇಲ್ಲಮ್ಮ. ಅದು ಮಾಡಿದ್ದು, ಇದು ಮನುಷ್ಯಾರದು. ತೀರಿಕೊಂಡವರು ಯಾರೋ ಕೊಟ್ಟಾರ.”

“ಸತ್ತವರದಾ? ಯಾರು ಅವರು?”

“ನಮಗೂ ಗೊತ್ತಿಲ್ಲ. ಗೊತ್ತಿದ್ರೂ ಹೇಳಂಗಿಲ್ಲ.”

ನಾನು ಮಂಚದ ಕಂಬಿ ಹಿಡಿದು ಕುಳಿತುಬಿಟ್ಟೆ. ನಾನು ಹಿಟ್ಟಿನ ಕೈಯಲ್ಲಿ ಕುಣಿದ ಆ ಮಧ್ಯಾಹ್ನಕ್ಕೂ ಮೊದಲು ಯಾವುದೋ ಊರಿನಲ್ಲಿ, ಯಾವುದೋ ಪಡಸಾಲೆಯಲ್ಲಿ ಹೆಣ ಮಲಗಿಸಿ ಭಜನೆ ಹಚ್ಚಿದ್ದರು. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಆ ಗದ್ದಲದಲ್ಲಿ ಯಾರೋ ಒಬ್ಬರು ಎದ್ದು, ಕಣ್ಣೊರೆಸಿಕೊಂಡು, ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿದ್ದರು. ಅಂಥ ಹೊತ್ತಿನಲ್ಲಿ ಅದು ಹೇಗೆ ನೆನಪಾಯಿತು ಅವರಿಗೆ? ನಮ್ಮ ಅತ್ತೆ ಸತ್ತಾಗ ನನಗೆ ಒಲೆಯ ಮೇಲಿಟ್ಟ ಹಾಲು ಕೂಡ ನೆನಪಿರಲಿಲ್ಲ. ಜೀವವಿದ್ದ ನಾನು ಒಂದು ಕಣ್ಣು ಕೆಡಿಸಿದೆ. ಜೀವ ಹೋದವರು ಯಾರೋ ಅದನ್ನು ತಿದ್ದಿದರು.

ಬೆಳಕು ದಿನಕ್ಕಿಷ್ಟು ದಿನಕ್ಕಿಷ್ಟು ತಿಳಿಯಾಗುತ್ತ ಬಂತು. ಎಷ್ಟೋ ತಿಂಗಳ ಮೇಲೆ ಲಿಂಗಸುಗೂರಿನ ಕಣ್ಣಿನ ಶಿಬಿರಕ್ಕೆ ತೋರಿಸಲು ಹೊರಟು ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಹುಡುಗಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಹೊಸ ಕಣ್ಣೊಂದರಿಂದಲೇ ದೂರದಿಂದ ಬರುತ್ತಿದ್ದ ಬಸ್ಸಿನ ಬೋರ್ಡನ್ನು ಓದಿದಳು: “ಲಿಂ-ಗ-ಸು-ಗೂ-ರು.” ನಾನು ಕಿರುಚಿಬಿಟ್ಟೆ. ಜನ ಕೂಡಿದರು.

“ಏನಾತಬೇ ಯಮ್ಮಾ, ಚೀಲ ಹೊಡಕೊಂಡು ಹೋದ್ರೇನು?”

“ಹೋಗಿಲ್ಲೋ ಯಪ್ಪಾ, ಬಂತು! ಹೋದ ಕಣ್ಣು ತಿರುಗಿ ಬಂತು!”

ಹುಡುಗಿ ನಾಚಿಕೊಂಡು ನನ್ನನ್ನು ಬಸ್ಸಿನೊಳಗೆ ದಬ್ಬಿದಳು. ಲಿಂಗಸುಗೂರು ಬರುವವರೆಗೂ ದಾರಿಯ ಪ್ರತಿ ಬೋರ್ಡನ್ನೂ ಓದಿಸಿದೆ.

ಶಿಬಿರದ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಹೆಣ್ಣುಮಗಳು ಕಣ್ಣು ಕೊಡುವವರ ಹೆಸರು ಬರೆಯುತ್ತಿದ್ದಳು. ನಾನು ದೂರದಲ್ಲೇ ನಿಂತೆ. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕಿ. ರಿಪೇರಿ ಮಾಡಿದ ಮಾಲು ಯಾರಿಗೆ ಬೇಕು? ಮೊಮ್ಮಗಳೇ ಹೋಗಿ ಕೇಳಿದಳು.

“ಬರ್ತಾವ, ಯಾಕ ಬರಂಗಿಲ್ಲ? ಪೊರಿ ತಗದದ್ದು ಒಳಗ. ನಮಗ ಬೇಕಾದದ್ದು ಮುಂದಿನ ಪರದೆ. ವಯಸ್ಸಾದವರೂ ಕೊಡಬಹುದು. ಆಗ ಡಾಕ್ಟರು ನೋಡಿ ತಗೋತಾರ,” ಎಂದಳಾಕೆ.

ನನಗೆ ನಂಬಿಕೆಯೇ ಬರಲಿಲ್ಲ. ಅರವತ್ತೆಂಟು ವರ್ಷ ಹೊಟ್ಟು, ಹೊಗೆ, ಬಿಸಿಲು ತಿಂದ ಈ ಕಣ್ಣುಗಳಿಗೆ ಇನ್ನೊಂದು ನೌಕರಿ ಇದೆಯೆಂದರೆ! ಅವಳ ಎರಡೂ ಕೈ ಹಿಡಿದು ನಗುತ್ತ, ಅಳುತ್ತ ಹೆಸರು ಬರೆಸಿದೆ. ಆಮೇಲೆ ಅವಳು ಹೇಳಿದ ಮಾತು ನನ್ನ ಹಿಗ್ಗಿಗೆ ತಣ್ಣೀರು ಎರಚಿತು: ಉಸಿರು ನಿಂತ ಮೇಲೆ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರು ಕೂಡಲೇ ಫೋನ್ ಮಾಡಬೇಕು. ಅವರು ಒಲ್ಲೆವೆಂದರೆ ಬರೆಸಿದ್ದಕ್ಕೆ ಬೆಲೆಯಿಲ್ಲ. ಈ ಹಾಳೆಯ ಮೇಲೂ ಮನೆಯವರೊಬ್ಬರ ಸಹಿ ಬೇಕು.

ನನಗೆ ಮನೆಯವರು ಎಂದರೆ ನನ್ನ ಗಂಡ. ಜವಳಗೇರಾಕ್ಕೆ ಬಂದು ಹಾಳೆ ಮುಂದಿಟ್ಟರೆ ಮುಟ್ಟಲೇ ಇಲ್ಲ.

“ತಲಿ ಕೆಟ್ಟದೇನಬೇ ನಿನಗ? ಕಣ್ಣಿಲ್ಲದ ಹೆಣ ಮಣ್ಣಿಗಿಟ್ರೆ ಮುಂದಿನ ಜನ್ಮಕ್ಕ ಕುರುಡಿಯಾಗಿ ಹುಟ್ಟತಿ.”

“ಹುಟ್ಟತೀನೇಳ್ರಿ. ಮತ್ತ ನಿಮ್ಮನ್ನ ಕಟ್ಟಿಕೊಳ್ಳೂದಿದ್ರ ಕಣ್ಣು ಇಲ್ಲದ್ದೇ ಚಲೋ.”

ನಗಲಿಲ್ಲ ಅವರು. “ಹೆಣದ ಮುಂದ ಕುಂತು ಫೋನ್ ಹಚ್ಚಂತೀ? ನನ್ನ ಕೈಲಿ ಆಗಂಗಿಲ್ಲ,” ಎಂದು ಗೋಡೆಯ ಕಡೆ ತಿರುಗಿದರು. ಆಗ ನನಗೆ ತಿಳಿಯಿತು, ಅವರು ಹೆದರಿದ್ದು ಮುಂದಿನ ಜನ್ಮಕ್ಕಲ್ಲ.

ಮೊಮ್ಮಗಳು ಅವರ ಎದುರಿಗೆ ಹೋಗಿ ಕುಳಿತು ಕೂದಲು ಸರಿಸಿದಳು. “ತಾತಾ, ಇಲ್ಲಿ ನೋಡು. ಇದನ್ನ ಕೊಟ್ಟವರು ಎಲ್ಲ್ಯರೆ ಕುರುಡರಾಗಿ ಹುಟ್ಟಿರ್ತಾರೇನು? ಹಂಗಿದ್ರ ನಾ ಇದನ್ನ ಹೊಳ್ಳಿ ಕೊಡಬೇಕಲ್ಲ. ಹೇಳು, ಕೊಡ್ಲೇನು?”

ಅವರು ಆ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಟವೆಲು ಹೆಗಲಿಗೆ ಹಾಕಿಕೊಂಡು ಕಾಲುವೆಯ ಕಡೆ ಹೋದರು.

ನಾನು ಚಹಾಕ್ಕಿಟ್ಟೆ. ಈ ನಡುವೆ ಓಣಿಯ ಒಬ್ಬ ಕಣ್ಣುಜ್ಜುತ್ತಾ ಬಂದ. ನೀರಿನ ತಂಬಿಗೆ ಕೊಟ್ಟು, “ತೊಳಕೊ. ಹೋಗದಿದ್ರ ಸಿಂಧನೂರಿಗೆ ಹೋಗು,” ಎಂದೆ. “ಯಾಕಮ್ಮ, ನಾಲಿಗಿ ಪಿಂಚಣಿ ತಗೊಂಡ್ತೇನು?” ಎಂದು ಗೊಣಗುತ್ತಾ ಹೋದ.

ಅವರು ತಿರುಗಿ ಬಂದಾಗ ಹಾಳೆ ಹಾಸಿಗೆಯ ಮೇಲೆಯೇ ಇತ್ತು. ಕುಳಿತು ಸಹಿ ಮಾಡಿದರು. ಆಮೇಲೆ ತಮ್ಮ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, “ಹಾಳಿ ಮ್ಯಾಲಿನ ನಂಬರ್ ಇದರಾಗ ಹಾಕು. ಹಚ್ಚಿ ಕೊಡು,” ಎಂದರು.

“ಈಗ್ಯಾಕ ತಾತ?”

“ಹಚ್ಚು ಅಂದ್ರ ಹಚ್ಚು.”

ಆ ಕಡೆಯಿಂದ ಒಂದು ಗಂಡುದನಿ ಎತ್ತಿಕೊಂಡಿತು. ಇವರು ಎದ್ದು ನಿಂತು, ನೆಟ್ಟಗಾಗಿ, ತಮ್ಮ ಹೆಸರು, ಊರು, ನನ್ನ ಹೆಸರು ಹೇಳಿ, ಈಕೆಯ ಕಣ್ಣಿನ ಸಲುವಾಗಿ ಮಾಡಿದ್ದೇನೆ ಎಂದರು. ಆ ಕಡೆಯವರು ಮರುಕದಿಂದ ಕೇಳಿದ್ದು ನನಗೂ ಕೇಳಿಸಿತು: “ಯಾವಾಗ ತೀರಿಕೊಂಡ್ರು ಸರ್?”

“ಏ, ತೀರಿಕೊಂಡಿಲ್ರೀ! ಇಲ್ಲೇ ಕುಂತಾಳ, ಚಾ ಕುಡಿಯಾಕತ್ತಾಳ. ಆ ಹೊತ್ತಿನಾಗ ನನ್ನ ಕೈ ನಡುಗತಾವ. ಈಗ ಒಮ್ಮೆ ಮಾಡಿ ರೂಢಿ ಮಾಡಿಕೊಂಡೆ.”