ಕೆಂಪು ಎಳೆ ಕಟ್ಟಿದ ಕಸ

೨೦೦೬, ಫೆಬ್ರುವರಿ ೯, ಬೆಳಿಗ್ಗೆ ಹತ್ತೂಕಾಲು. ಇಳಕಲ್ಲಿನ ನಮ್ಮ ಓಣಿಯ ತುದಿಯ ತಗಡಿನ ಶೆಡ್ಡಿನ ಮುಂದೆ ಸೋದರಮಾವ ತೆಂಗಿನಕಾಯಿ ಒಡೆದ. ಒಳಗಿದ್ದದ್ದು ಒಂದು ತಕ್ಕಡಿ, ನಾಲ್ಕು ಕತ್ತರಿ, ಊರಿನ ಪವರ್‌ಲೂಮುಗಳು ಉಗುಳಿದ ನೂಲಿನ ಕಸ. ಮಾವನ ಭಾಷಣ ಕೇಳಿದವರಿಗೆ ಮಾತ್ರ ಬಾಗಲಕೋಟೆ ಜಿಲ್ಲೆಯ ಹಣೆಬರಹವೇ ಅಂದು ತಿದ್ದಿದಂತೆ ಅನಿಸಿರಬೇಕು.

ಪಾಲಿಯೆಸ್ಟರ್ ಕಸವನ್ನು ಕರಗಿಸಿ ಹೊಸ ಎಳೆ ತೆಗೆಯುವ ದೂರದ ಕಾರ್ಖಾನೆಯೊಂದು ನಮ್ಮ ಕಸ ಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ: ಬೇರೆ ನೂಲು ಬೆರೆತಿರಬಾರದು. ನಮ್ಮ ಸೀರೆಯ ಸೆರಗಿನ ಕೆಂಪು ನೂಲು ಚಮಕಾ, ಅಂದರೆ ಕೃತಕ ರೇಷ್ಮೆ. ಅದು ಕರಗುವುದಿಲ್ಲ, ಸುಟ್ಟು ಬೂದಿಯಾಗಿ ಯಂತ್ರದ ಸಣ್ಣ ತೂತು ಮುಚ್ಚುತ್ತದೆ. ಸೀರೆಯ ಒಡಲಿನ ಪಾಲಿಯೆಸ್ಟರ್ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದು ನಮ್ಮ ಪದ್ಧತಿ. ಹೀಗಾಗಿ ಕಸದಲ್ಲೂ ಎರಡೂ ಅಂಟಿಕೊಂಡೇ ಬರುತ್ತಿದ್ದವು.

ಕೆಂಪನ್ನು ಕತ್ತರಿಸಿ ತೆಗೆಯುವ ಕೆಲಸ ನನ್ನ ಚಿಗವ್ವನದು, ಅಂದರೆ ಮಾವನ ತಂಗಿಯದು, ಇನ್ನೂ ಮೂವರದು. ಚಿಗವ್ವ ಅಣ್ಣನ ಮಾತು ನಂಬಿ ಮನೆಯ ಕುಣಿಮಗ್ಗ ಮಾರಿ, ಅದರ ಗುಂಡಿಗೆ ಮಣ್ಣು ತುಂಬಿಸಿ ಬಂದವಳು. ಶೆಡ್ಡು ಮುಚ್ಚಿದರೆ ಮರಳಲು ಅವಳಿಗೆ ಮಗ್ಗವಿರಲಿಲ್ಲ.

ಮಾರ್ಚ್ ಎರಡನೆಯ ವಾರ ಮಾವ ಮಾಲು ನೋಡಲು ಬಂದ.

"ಇದೇನಬೇ, ಕೋಳಿ ಕೆದರಿದ ತಿಪ್ಪಿ ಆಗೇತಿ! ಇಳಕಲ್ಲಿನ ಮಾಲು ಹಿಂಗ ಹೋಗ್ತದೇನು? ಹಿಡಿ ಹಿಡಿ ಕೂಡಿಸಿ ಲಡಿ ಮಾಡಿ, ಕೆಂಪು ಎಳಿ ಸುತ್ತಿ ಕಟ್ರಿ."

"ಅಣ್ಣಾ, ಕೆಂಪು ತಗದು ತಗದು ಬೆರಳಿಗೆ ಬೊಬ್ಬಿ ಎದ್ದಾವು. ಮತ್ತ ಅದನ್ನ ಕಟ್ಟು ಅಂತಿ?"

"ಮದುವಿ ಸೀರಿಗೂ ಕಟ್ತಾರಲ್ಲ!"

"ಮದುವಿ ಸೀರಿ ಯಾರೂ ಕರಗಸೂದಿಲ್ಲೋ ಅಣ್ಣಾ."

ಶೆಡ್ಡು ಅವನದು, ಮಾತೂ ಅವನದೇ ನಡೆಯಿತು. ಮೂವತ್ತೊಂದು ಚೀಲ, ಚೀಲಕ್ಕೆ ನಲವತ್ತು ಲಡಿ: ೧,೨೪೦ ಕೆಂಪು ಗಂಟು. ಎಣಿಸಿದವನು ನಾನೇ.

ಮಾರ್ಚ್ ೧೬ರಂದು ಕಾರ್ಖಾನೆಯವನು ಬಂದ. ಮಾವ ಶಾಲು ಹೊದಿಸಲು ನಿಂತಿದ್ದ. ಬಂದವನು ಒಂದು ಲಡಿ ಎತ್ತಿ ಕಡ್ಡಿ ಗೀರಿದ. ಒಳಗಿನ ಬಿಳಿ ಪಾಲಿಯೆಸ್ಟರ್ ಮುದುಡಿ ಕಪ್ಪು ಮಣಿಯಾಯಿತು. ಕೆಂಪು ಕಾಗದದಂತೆ ಉರಿದು ಬೂದಿಯಾಯಿತು.

"ಇದನ್ನ ಯಾರ್ ಕಟ್ಟಿದ್ರಿ?"

"ಹೆಣ್ಣುಮಕ್ಕಳು ತಮಗ ತಿಳದಂಗ ಕಟ್ಯಾರ್ರಿ," ಎಂದ ಮಾವ.

"ಖರೇನ ಅಣ್ಣಾ," ಎಂದಳು ಚಿಗವ್ವ. "ನಿನ್ನ ಬಾಯಿಗೂ ಒಂದೆಳಿ ಕಟ್ಟಬೇಕಿತ್ತು, ಮರತ್ವಿ."

ಬಂದವನು ನಕ್ಕ. ಗಂಟು ಬಿಚ್ಚಿಟ್ಟರೆ ಎಂಟು ದಿನ ಬಿಟ್ಟು ಒಯ್ಯುವುದಾಗಿ ಹೇಳಿದ. ಅಷ್ಟಕ್ಕೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಿಚ್ಚಿಸಿದರೆ ತಪ್ಪು ತನ್ನದೆಂದು ಒಪ್ಪಿದಂತಲ್ಲವೇ? ಮಾವ ಶಾಲು ಮಡಚಿ, "ಕಟ್ಟಿದ ಮಾಲು ಬಿಚ್ಚಿ ಕೊಡೂ ಪದ್ಧತಿ ನಮ್ಮಲ್ಲಿಲ್ರಿ," ಎಂದ. ಇಂಥ ಪದ್ಧತಿ ಆ ಗಳಿಗೆಯವರೆಗೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚೀಲಗಳನ್ನು ಕುಳಗೇರಿ ಕ್ರಾಸಿನ ಗಾದಿ ತುಂಬುವವನು ಒಯ್ದ. ಶೆಡ್ಡಿಗೆ ಬೀಗ ಬಿತ್ತು. ನಮ್ಮ ಮಾಲಿನ ನಾಜೂಕು ಕಾರ್ಖಾನೆಯಿಂದ ತಡೆದುಕೊಳ್ಳಲಾಗಲಿಲ್ಲವೆಂದು ಮಾವ ಈಗಲೂ ಕಟ್ಟೆಯ ಮೇಲೆ ಕೂತು ಹೇಳುತ್ತಾನೆ. ತಲೆಯಾಡಿಸುವ ಮೂರ್ಖರೂ ಅವನಿಗೆ ಸಿಗುತ್ತಾರೆ. ಚಿಗವ್ವ ದಿನಾ ಬಸ್ಸಿನಲ್ಲಿ ಕಮತಗಿಗೆ ಹೋಗಿ ಪರರ ಮಗ್ಗದಲ್ಲಿ ನೇಯುತ್ತಾಳೆ.

ನಾಲ್ವರೂ ಮತ್ತೆ ಕಸ ಆರಿಸಲು ತಯಾರಿದ್ದಾರೆ, ಈ ಸಲ ಮಾಲೀಕನಿಲ್ಲದೆ. ಆ ಕಾರ್ಖಾನೆ ಶೆಡ್ಡಿನ ಮಾಲೀಕರೊಂದಿಗಷ್ಟೇ ವ್ಯವಹರಿಸುತ್ತದಂತೆ. ಆರಿಸಿದ ಹೆಂಗಸರಿಂದಲೇ ನೇರವಾಗಿ ಕೊಳ್ಳುವವರು ಎಲ್ಲಾದರೂ ಇದ್ದರೆ, ಬಲ್ಲವರು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಭಾಷಣ ಬೇಡ, ವಿಳಾಸ ಸಾಕು.